ಅಚ್ಚು ಯಾರ ಕೈಯಲ್ಲಿದೆ?

ಬೆಂಗಳೂರಿನ ನಮ್ಮ ಮೆಟ್ರೊ ಹಸಿರು ಮಾರ್ಗದಲ್ಲಿ ಯಶವಂತಪುರ ದಾಟಿ ರಾಜಾಜಿನಗರದ ಕಡೆಗೆ ಬರುವಾಗ ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ಎಂಬ ನಿಲ್ದಾಣ ಸಿಗುತ್ತದೆ. ಬಡಾವಣೆಗಳ, ರಸ್ತೆಗಳ, ಮಹನೀಯರ ಹೆಸರು ಹೊತ್ತ ನಿಲ್ದಾಣಗಳ ನಡುವೆ ಇದೊಂದು ಕಾರ್ಖಾನೆಯ ಹೆಸರು. ಆ ಕಾರ್ಖಾನೆ ಇವತ್ತಿಗೂ ನಡೆಯುತ್ತಿದೆ. ಮೈಸೂರು ಸ್ಯಾಂಡಲ್ ಸೋಪು ಇವತ್ತಿಗೂ ಅಲ್ಲಿಂದ ಹೊರಬೀಳುತ್ತಿದೆ. ಸರಕನ್ನು ನಮ್ಮ ನೆಲದಲ್ಲೇ ತಯಾರಿಸಿದರೆ ಏನು ಲಾಭ, ಹಾಗೆ ಮಾಡಹೊರಟವರಿಗೆ ಏನೇನು ಅಡ್ಡಿ ಎಂಬುದು ಇವತ್ತಿನ ನನ್ನ ವಿಷಯ. ಈ ಕಾರ್ಖಾನೆಯ ಕಥೆಯಿಂದಲೇ ಮಾತು ಶುರುಮಾಡೋಣ.

ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನ ತನ್ನ ಕಾಡಿನ ಗಂಧದ ಮರವನ್ನು ಹರಾಜು ಹಾಕುತ್ತಿತ್ತು. ಕೊರಡುಗಳು ಹಡಗು ಹತ್ತಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿದ್ದವು. ಎಣ್ಣೆ ಇಳಿಸುವ ವಿದ್ಯೆ ಅಲ್ಲಿತ್ತು, ಹಾಗಾಗಿ ಎಣ್ಣೆಯ ಲಾಭವೂ ಅಲ್ಲಿಗೇ ಹೋಗುತ್ತಿತ್ತು. 1914ರಲ್ಲಿ ಯುದ್ಧ ಹತ್ತಿಕೊಂಡಿತು. ಕೊಳ್ಳುವವರಿಲ್ಲದೆ ಮರ ರಾಶಿ ಬಿತ್ತು. ಆಗ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯನವರು, ಕೈಗಾರಿಕಾ ಇಲಾಖೆಯನ್ನು ನೋಡಿಕೊಳ್ಳುತ್ತಿದ್ದವರು ಆಲ್‌ಫ್ರೆಡ್ ಚಾಟರ್ಟನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೊ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಗಂಧದೆಣ್ಣೆ ಇಳಿಸುವ ಪ್ರಯೋಗ ಮಾಡಿದರು. 1916ರಲ್ಲಿ ಇಲ್ಲಿನ ಎಣ್ಣೆ ಸಿದ್ಧವಾಯಿತು. ಎಣ್ಣೆ ಕೈಗೆ ಬಂದ ಮೇಲೆ ಅದರಿಂದ ಸಾಬೂನನ್ನೂ ಏಕೆ ಮಾಡಬಾರದು ಎಂಬ ಯೋಚನೆ ಬಂತು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿ, ಸಾಬೂನಿನ ಮತ್ತು ಸುಗಂಧದ ವಿದ್ಯೆ ಕಲಿಸಿ ಕರೆಸಿಕೊಂಡರು. 1918ರ ಹೊತ್ತಿಗೆ ಸರ್ಕಾರಿ ಸಾಬೂನು ಕಾರ್ಖಾನೆ ಕೆಲಸ ಶುರುಮಾಡಿತು. 1957ರಲ್ಲಿ ಅದು ರಾಜಾಜಿನಗರದ ಈಗಿನ ಜಾಗಕ್ಕೆ ಬಂತು.

ಈ ಕಥೆಯಲ್ಲಿ ನಾವು ಗಮನಿಸಬೇಕಾದ ಸಂಗತಿ ಒಂದಿದೆ. ಗಂಧದ ಮರ ಮೊದಲೂ ನಮ್ಮದೇ ಆಗಿತ್ತು, ಆದರೂ ನಮ್ಮ ಪಾಲಿಗೆ ಬರುತ್ತಿದ್ದದ್ದು ಮರದ ಬೆಲೆ ಮಾತ್ರ. ಎಣ್ಣೆಯ ಬೆಲೆ, ಸಾಬೂನಿನ ಬೆಲೆ ಸಿಗತೊಡಗಿದ್ದು ಎಣ್ಣೆ ಇಳಿಸುವ ಮತ್ತು ಸಾಬೂನು ಮಾಡುವ ವಿದ್ಯೆ ನಮ್ಮ ಜನರ ಕೈಗೆ ಬಂದ ಮೇಲೆ. ಅದಕ್ಕೆ ಒಂದು ಪ್ರಯೋಗಾಲಯ ಬೇಕಾಯಿತು, ಕಲಿಯಲು ಹೋದವನು ಬರುವವರೆಗೆ ಕಾಯುವ ಸರ್ಕಾರ ಬೇಕಾಯಿತು, ಬಂಡವಾಳ ಬೇಕಾಯಿತು, ಕೊಂಡು ಬಳಸುವ ಜನ ಬೇಕಾಯಿತು. ಈ ನಾಲ್ಕರಲ್ಲಿ ಯಾವುದೊಂದು ಕೈಕೊಟ್ಟಿದ್ದರೂ ಇವತ್ತು ಆ ನಿಲ್ದಾಣಕ್ಕೆ ಬೇರೆ ಹೆಸರಿರುತ್ತಿತ್ತು.

ಇನ್ನು ರಾಜಾಜಿನಗರದ ಒಳಗೆ ಬರೋಣ. 1949ರಲ್ಲಿ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿಯವರು ಈ ಬಡಾವಣೆಗೆ ಅಡಿಗಲ್ಲು ಹಾಕಿದರು; ಹೆಸರೂ ಅವರದೇ ಆಯಿತು. ಕಾರ್ಖಾನೆಯೂ ಕಾರ್ಮಿಕರ ಮನೆಯೂ ಹತ್ತಿರ ಹತ್ತಿರ ಇರಲಿ ಎಂದು ಯೋಚಿಸಿ ಕಟ್ಟಿದ ಊರು ಇದು. ಇಂಡಸ್ಟ್ರಿಯಲ್ ಟೌನ್ ಎಂಬ ಹೆಸರು ಇಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಕಾರ್ಮಿಕರಿಗಾಗಿಯೇ ಇರುವ ಇಎಸ್‌ಐ ಆಸ್ಪತ್ರೆ ಇಲ್ಲಿದೆ. ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘ, ಅಂದರೆ ನಾವು ಕಾಸಿಯಾ ಎಂದು ಕರೆಯುವ ಸಂಸ್ಥೆ ಹುಟ್ಟಿದ್ದೂ 1949ರಲ್ಲೇ. ಅದರ ಕಚೇರಿ ವಿಜಯನಗರದಲ್ಲಿದೆ. ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮದ ಕಚೇರಿ ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿದೆ. ಅದೇ ವಸಾಹತಿನಲ್ಲಿ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಇನ್ನೊಂದು ಸಂಸ್ಥೆ ಎದ್ದು ನಿಂತಿತು. ಅದೇ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಜನ ಹೇಳುವಂತೆ ಜಿಟಿಟಿಸಿ. ಅಲ್ಲಿ ಹುಡುಗರಿಗೂ ಹುಡುಗಿಯರಿಗೂ ಟೂಲ್ ಅಂಡ್ ಡೈ ಮೇಕಿಂಗ್ ಕಲಿಸುತ್ತಾರೆ.

ಈ ಡೈ, ಈ ಮೋಲ್ಡು ಎಂದರೆ ಏನು? ಕನ್ನಡದಲ್ಲಿ ಅಚ್ಚು. ನಿಮ್ಮ ಅಡುಗೆಮನೆಯ ಮಿಕ್ಸಿ ಜಾರಿನ ಮುಚ್ಚಳವನ್ನೇ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಹರಳನ್ನು ಕರಗಿಸಿ, ಒತ್ತಡ ಹಾಕಿ, ಉಕ್ಕಿನ ಅಚ್ಚಿನೊಳಗೆ ನುಗ್ಗಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಮುಚ್ಚಳ ತಯಾರು. ಒಂದಾದ ಮೇಲೆ ಒಂದರಂತೆ ಲಕ್ಷ ಮುಚ್ಚಳ ತೆಗೆಯಬಹುದು. ಆದರೆ ಆ ಅಚ್ಚನ್ನು ಮಾಡುವುದು ಸೆಕೆಂಡುಗಳ ಕೆಲಸವಲ್ಲ. ಉಕ್ಕಿನ ದಿಂಡನ್ನು ಮಿಲ್ಲಿಂಗ್ ಯಂತ್ರದಲ್ಲಿ ಕಡೆಯಬೇಕು. ಗಟ್ಟಿಯಾಗಲು ಹೀಟ್ ಟ್ರೀಟ್‌ಮೆಂಟಿಗೆ ಕಳಿಸಬೇಕು. ಕುಲುಮೆಯಲ್ಲಿ ಕಾದು ಬಂದಾಗ ಕೊಂಚ ಸೊಟ್ಟಗಾಗಿರುತ್ತದೆ. ಅದನ್ನು ಗ್ರೈಂಡಿಂಗ್‌ನಲ್ಲಿ ಸರಿಪಡಿಸಬೇಕು. ಉಳಿ ಹೋಗದ ಸಂದುಗಳನ್ನು ವಿದ್ಯುತ್ ಕಿಡಿಯಿಂದ ಕೊರೆಯಬೇಕು. ಕೊನೆಗೆ ಕೈಯಿಂದ ಉಜ್ಜಿ ಕನ್ನಡಿಯಂತೆ ನುಣುಪು ಮಾಡಬೇಕು. ಅಚ್ಚಿನ ಅಳತೆ ತಪ್ಪಿದರೆ ಮುಚ್ಚಳ ಜಾರಿಗೆ ಸರಿಯಾಗಿ ಕೂರುವುದಿಲ್ಲ, ಅರೆದದ್ದು ಸೋರುತ್ತದೆ.

ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಮಾಗಡಿ ರಸ್ತೆ, ಲಗ್ಗೆರೆಯ ಶೆಡ್ಡುಗಳಲ್ಲಿ ಈ ಕೆಲಸ ಹಂಚಿಕೊಂಡಿದೆ. ಒಬ್ಬರ ಹತ್ತಿರ ಲೇತು, ಇನ್ನೊಬ್ಬರ ಹತ್ತಿರ ವೈರ್ ಕಟ್, ಮತ್ತೊಬ್ಬರದು ಪ್ಲೇಟಿಂಗ್, ಆಚೆ ಬೀದಿಯಲ್ಲಿ ಪೌಡರ್ ಕೋಟಿಂಗ್. ಒಂದೇ ಬಿಡಿಭಾಗ ಲಗೇಜ್ ಆಟೊದಲ್ಲಿ ನಾಲ್ಕಾರು ಶೆಡ್ಡು ಸುತ್ತಿ, ಕೊನೆಗೆ ಪೀಣ್ಯದ ದೊಡ್ಡ ಕಾರ್ಖಾನೆಗೋ, ಕೆಂಗೇರಿ ಆಚೆಯ ಕುಂಬಳಗೋಡಿಗೋ ಹೋಗುತ್ತದೆ. ಇದನ್ನು ಜಾಬ್ ವರ್ಕ್ ಎನ್ನುತ್ತಾರೆ. ಫಲಕವಿಲ್ಲದ ಈ ಶೆಡ್ಡುಗಳ ಹೆಸರು ಯಾವ ಜಾಹೀರಾತಿನಲ್ಲೂ ಬರುವುದಿಲ್ಲ. ಆದರೆ ದೇಶದ ತಯಾರಿಕೆಯ ಬೇರು ಇರುವುದು ಇಲ್ಲಿ ಎಂದು ನಾನು ದೃಢವಾಗಿ ನಂಬಿದ್ದೇನೆ. ಅಚ್ಚು ಹೊರದೇಶದಿಂದ ಬಂದು, ಬಿಡಿಭಾಗ ಹೊರದೇಶದಿಂದ ಬಂದು, ಇಲ್ಲಿ ತಿರುಪು ಮಾತ್ರ ಹಾಕಿದರೆ, ಪೆಟ್ಟಿಗೆಯ ಮೇಲೆ ಭಾರತದಲ್ಲಿ ತಯಾರಾದದ್ದು ಎಂದು ಬರೆದುಕೊಳ್ಳಬಹುದು. ಆದರೆ ನಾಳೆ ಸರಕಿನ ರೂಪ ಬದಲಾಯಿಸಬೇಕೆಂದಾಗ ನಾವು ಮತ್ತೆ ಹೊರದೇಶದ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಇದು ಬರಿ ತರ್ಕವಲ್ಲ. 2020ರಲ್ಲಿ ನಾವೆಲ್ಲ ಕಣ್ಣಾರೆ ಕಂಡೆವು. ಕೊರೊನಾ ಬಂದಾಗ ವೆಂಟಿಲೇಟರ್ ಎಲ್ಲ ದೇಶಗಳಿಗೂ ಒಂದೇ ಸಲ ಬೇಕಾಯಿತು. ದುಡ್ಡು ಕೊಟ್ಟರೂ ಸಿಗದ ಕಾಲ ಅದು. ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ವಿನ್ಯಾಸವನ್ನು ಬೆಂಗಳೂರಿನ ಬಿಇಎಲ್ ಕೈಗೆತ್ತಿಕೊಂಡು 30,000 ವೆಂಟಿಲೇಟರ್ ತಯಾರಿಸಿತು. ಅಲ್ಲಿ ಎದುರಾದ ದೊಡ್ಡ ತೊಡಕು ಸಣ್ಣ ಬಿಡಿಭಾಗಗಳದು. ಗಾಳಿಯ ಹರಿವನ್ನು ಹಿಡಿತದಲ್ಲಿಡುವ ಕವಾಟ, ಆಮ್ಲಜನಕ ಅಳೆಯುವ ಸೆನ್ಸರ್, ಇಂಥವು ಅದುವರೆಗೆ ಹೊರಗಿನಿಂದ ಬರುತ್ತಿದ್ದವು. ರಕ್ಷಣಾ ಸಂಶೋಧನಾ ಸಂಸ್ಥೆಯ ನೆರವಿನಿಂದ ಅವುಗಳನ್ನೂ ಇಲ್ಲೇ ಮಾಡಿಸಬೇಕಾಯಿತು. ಮಾಡಲು ಸಾಧ್ಯವಾದದ್ದು ಹೇಗೆ? ಲೇತಿನ ಮುಂದೆ, ಟೂಲ್ ರೂಮಿನಲ್ಲಿ ವರ್ಷಗಟ್ಟಲೆ ಕೈ ಪಳಗಿಸಿಕೊಂಡ ಜನ ಈ ನಾಡಿನಲ್ಲಿ ಇದ್ದರು, ಅದರಿಂದ. ಅದೇ ವರ್ಷ ನಮ್ಮ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಅಂಗಿ ಹೊಲಿಯುತ್ತಿದ್ದ ಯಂತ್ರಗಳಲ್ಲೇ ವೈದ್ಯರ ಪಿಪಿಇ ಉಡುಪು ಹೊಲಿದರು. ಬೆಂಗಳೂರು ಅದರ ದೊಡ್ಡ ಕೇಂದ್ರವಾಯಿತು. ಕಷ್ಟಕಾಲದಲ್ಲಿ ಊರನ್ನು ಕಾಯುವುದು ಗೋದಾಮಿನ ದಾಸ್ತಾನಿಗಿಂತ ಹೆಚ್ಚಾಗಿ ಇಂಥ ಕೈಗಳ ತಾಕತ್ತು.

ಲಾಭ ಇನ್ನೂ ಇದೆ. ಕಲಿತ ವಿದ್ಯೆ ಒಂದು ಕಾರ್ಖಾನೆ ಮುಚ್ಚಿದರೂ ಸಾಯುವುದಿಲ್ಲ. ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯಿಂದ ಕಲಿತು 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ಶುರುಮಾಡಿತು. ಒಂದು ತಲೆಮಾರಿಗೆ ಮದುವೆಯ ಉಡುಗೊರೆ ಎಂದರೆ ಎಚ್‌ಎಂಟಿ ವಾಚೇ. ಕಾಲ ಕ್ವಾರ್ಟ್ಜ್ ಕಡೆಗೆ ತಿರುಗಿದಾಗ ಅದು ಹಿಂದೆ ಬಿತ್ತು. 2016ರಲ್ಲಿ ಗಡಿಯಾರದ ಘಟಕಗಳು ಮುಚ್ಚಿದವು. ಆದರೆ ಅಲ್ಲಿ ಪಳಗಿದವರು ಎಂಬತ್ತರ ದಶಕದಲ್ಲೇ ಹೊಸೂರಿನಲ್ಲಿ ಟೈಟನ್ ಕಟ್ಟಲು ಹೆಗಲು ಕೊಟ್ಟಿದ್ದರು. ವಿದ್ಯೆ ಉಳಿಯಿತು, ಮುಂದೆ ನಡೆಯಿತು. ಎಚ್‌ಎಂಟಿಯಿಂದ ಕಲಿಯಬೇಕಾದ ಪಾಠ ಇನ್ನೊಂದು ಉಂಟು: ಒಮ್ಮೆ ಕಲಿತದ್ದು ಸಾಲದು, ಕಲಿಯುತ್ತಲೇ ಇರಬೇಕು.

ಹಾಗಾದರೆ ಅಡ್ಡಿಗಳೇನು? ಮೊದಲನೆಯದು ಹಣ, ಅದರಲ್ಲೂ ಬರಬೇಕಾದ ಹಣ. ಸಣ್ಣ ಘಟಕ ಉಕ್ಕಿಗೆ ಮುಂಗಡ ಕೊಡಬೇಕು, ತಿಂಗಳ ಕೊನೆಗೆ ಸಂಬಳ ಕೊಡಬೇಕು, ವಿದ್ಯುತ್ ಬಿಲ್ಲು ಕಟ್ಟಬೇಕು. ಸರಕು ಕೊಂಡ ದೊಡ್ಡ ಕಂಪನಿ ಮಾತ್ರ ಪೇಮೆಂಟನ್ನು ಮುಂದೂಡುತ್ತಾ ಹೋಗುತ್ತದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಸಣ್ಣವರಿಗೆ ಹಣ ಕೊಡದೆ ಅದನ್ನು ಖರ್ಚೆಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ ಎಂದು ಆದಾಯ ತೆರಿಗೆ ಕಾನೂನಿಗೂ ಈಚೆಗೆ ತಿದ್ದುಪಡಿ ಬಂದಿದೆ. ಕಾನೂನು ಗಟ್ಟಿಯಾಗಿಯೇ ಇದೆ. ಆದರೆ ದೂರು ಕೊಟ್ಟರೆ ಮುಂದಿನ ಆರ್ಡರ್ ಕೈತಪ್ಪುತ್ತದೆ ಎಂಬ ಭಯಕ್ಕೆ ಕಾನೂನಿನಲ್ಲಿ ಮದ್ದಿಲ್ಲ. ಸ್ವದೇಶಿಯ ಮಾತಾಡುವ ಪ್ರತಿಯೊಂದು ದೊಡ್ಡ ಕಂಪನಿಯೂ ತನ್ನ ಸಣ್ಣ ಸರಬರಾಜುದಾರನಿಗೆ ಹೊತ್ತಿಗೆ ಸರಿಯಾಗಿ ದುಡ್ಡು ಕೊಟ್ಟರೆ, ಅದಕ್ಕಿಂತ ದೊಡ್ಡ ದೇಶಸೇವೆ ಬೇಕಿಲ್ಲ.

ಎರಡನೆಯದು ಜಾಗ. 1946ರಲ್ಲಿ ಆರಂಭವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯ ಕಾರ್ಖಾನೆಯಿದ್ದ ನೆಲದಲ್ಲಿ ಇಂದು ಬ್ರಿಗೇಡ್ ಗೇಟ್‌ವೇ ಇದೆ, ಓರಾಯನ್ ಮಾಲ್ ಇದೆ. ಊರು ಬೆಳೆದಂತೆ ನೆಲದ ಬೆಲೆ ಏರುತ್ತದೆ. ಲೇತು ತಿರುಗಿಸಿ ಬರುವ ಹಣಕ್ಕಿಂತ ಶೆಡ್ಡನ್ನು ಕೆಡವಿ ಕಟ್ಟಿದ ಮಳಿಗೆಯ ಬಾಡಿಗೆ ಹೆಚ್ಚು. ಯಾರನ್ನೂ ದೂರಿ ಪ್ರಯೋಜನವಿಲ್ಲ. ಆದರೆ ಹತ್ತು ಶೆಡ್ಡು ಚದುರಿ ಹತ್ತು ದಿಕ್ಕಿಗೆ ಹೋದರೆ ಅವುಗಳ ನಡುವಿನ ಬಳಕೆ ಕಡಿದುಹೋಗುತ್ತದೆ. ಬೆಳಗ್ಗೆ ಕೊಟ್ಟ ಕೆಲಸ ಸಂಜೆಗೆ ಗ್ರೈಂಡ್ ಆಗಿ ಬರುತ್ತಿದ್ದದ್ದು ವಾರವಾದರೂ ಬರುವುದಿಲ್ಲ. ಹೊರವಲಯದಲ್ಲಿ ನಿವೇಶನ ಕೊಡುವಾಗ ಸರ್ಕಾರ ಇದನ್ನು ನೆನಪಿಡಬೇಕು: ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಕೊಡುವ ಬದಲು, ಒಬ್ಬರಿಗೊಬ್ಬರು ಬೇಕಾದ ಘಟಕಗಳನ್ನು ಒಟ್ಟಿಗೇ ಕೂರಿಸಬೇಕು.

ಮೂರನೆಯದು ಕಚ್ಚಾ ಮಾಲು. ಸೋಪಿನ ಕಾರ್ಖಾನೆಯನ್ನೇ ನೋಡಿ. ಗಂಧದ ನಾಡು ಎಂದು ಹೆಸರಾದ ನಾಡಿನ ಕಾರ್ಖಾನೆ ಗಂಧಕ್ಕಾಗಿ ಕೇರಳದ ಮರಯೂರಿನ ಹರಾಜಿಗೆ ಹೋಗುವಂತಾಯಿತು. ಕಳ್ಳಸಾಗಣೆ ಒಂದು ಕಾರಣ. ಇನ್ನೊಂದು, ರೈತನ ಹೊಲದಲ್ಲಿ ಬೆಳೆದ ಗಂಧವೂ ಬಹುಕಾಲ ಅವನದಾಗಿರಲಿಲ್ಲ. 2001ರಲ್ಲಿ ಕಾನೂನು ತಿದ್ದಿದ ನಂತರವಷ್ಟೇ ಅದು ಅವನದಾಯಿತು. ಬೆಳೆದವನಿಗೆ ಹಕ್ಕಿಲ್ಲದಿದ್ದರೆ ಯಾರು ತಾನೆ ಬೆಳೆಯುತ್ತಾರೆ? ಕಾರ್ಖಾನೆಯ ಬಾಗಿಲಲ್ಲಿ ಕಾಣಿಸಿಕೊಂಡ ಕೊರತೆ ಹುಟ್ಟಿದ್ದು ಬಹಳ ಹಿಂದೆ, ಕಾಡಿನಲ್ಲಿ ಮತ್ತು ಕಾನೂನಿನಲ್ಲಿ.

ಊದುಬತ್ತಿಯ ಕಥೆಯೂ ಇಂಥದ್ದೇ. ಮಾಗಡಿ ರಸ್ತೆಯ ಆಚೀಚೆಯ ಮನೆಗಳಲ್ಲಿ ಎಷ್ಟೋ ಹೆಂಗಸರು ಮಣೆಯ ಮೇಲೆ ಬಿದಿರು ಕಡ್ಡಿಗೆ ಇದ್ದಿಲು ಪುಡಿ, ಜಿಗಟು ಕಲಸಿದ ಹಿಟ್ಟನ್ನು ಹೊಸೆದು ಮಕ್ಕಳ ಫೀಸು ಕಟ್ಟಿದವರು. 2011ರಲ್ಲಿ ಬಿದಿರು ಕಡ್ಡಿಯ ಆಮದು ಸುಂಕವನ್ನು ನೂರಕ್ಕೆ 30ರಿಂದ 10ಕ್ಕೆ ಇಳಿಸಿದರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಲೆಕ್ಕದಂತೆ 2009ರಲ್ಲಿ 31 ಕೋಟಿ ರೂಪಾಯಿ ಇದ್ದ ಕಡ್ಡಿಯ ಆಮದು 2019ರ ಹೊತ್ತಿಗೆ 546 ಕೋಟಿ ರೂಪಾಯಿಗೆ ಏರಿತು. ಕಡ್ಡಿಯ ಜೊತೆಗೆ ವಿಯೆಟ್ನಾಮಿನಿಂದ ಹೊಸೆದ ಬತ್ತಿಯೇ ಬರತೊಡಗಿತು. ಇಲ್ಲಿ ಸುಗಂಧ ಅದ್ದಿ ಪ್ಯಾಕೆಟ್ಟಿಗೆ ತುಂಬುವುದಷ್ಟೇ ಉಳಿಯಿತು. 2019ರಲ್ಲಿ ಆಮದಿಗೆ ಕಡಿವಾಣ ಹಾಕಿ, 2020ರಲ್ಲಿ ಕಡ್ಡಿಯ ಸುಂಕವನ್ನು 25ಕ್ಕೆ ಏರಿಸಿದರು. ಒಳ್ಳೆಯದೇ ಆಯಿತು. ಆದರೆ ಬಿದಿರು ನಮ್ಮಲ್ಲಿ ಬೆಳೆಯದ ಗಿಡವೇನಲ್ಲ. 2017ರವರೆಗೂ ಅರಣ್ಯ ಕಾಯ್ದೆ ಅದನ್ನು ಮರವೆಂದು ಎಣಿಸಿ, ಸ್ವಂತ ಹೊಲದ ಬಿದಿರನ್ನು ಕಡಿದು ಸಾಗಿಸುವುದಕ್ಕೂ ಪರವಾನಗಿಯ ತೊಡಕು ಇಟ್ಟಿತ್ತು. ಸುಂಕದ ಗೋಡೆ ಎತ್ತರಿಸಿದರೆ ಉಸಿರಾಡಲು ಸಮಯ ಸಿಗುತ್ತದೆ. ಆ ಸಮಯದಲ್ಲಿ ಕಡ್ಡಿ ಸೀಳುವ ಯಂತ್ರ ಸುಧಾರಿಸಬೇಕು, ಬಿದಿರು ಬೆಳೆಯಬೇಕು, ಹೊಸೆಯುವ ತಾಯಂದಿರಿಗೆ ಸಾವಿರಕ್ಕೆ ಇಷ್ಟು ಎಂದು ಸಿಗುವ ಕೂಲಿ ಹೆಚ್ಚಬೇಕು. ಇಲ್ಲದಿದ್ದರೆ ಗೋಡೆಯ ಲಾಭ ಮಧ್ಯದವರ ಜೇಬಿಗೆ ಹೋಗುತ್ತದೆ, ಬೆಲೆಯ ಭಾರ ಕೊಳ್ಳುವವರ ತಲೆಗೆ ಬರುತ್ತದೆ.

ಇಲ್ಲೇ ತಯಾರಿಸಿ ಎಂದು ಷರತ್ತು ಹಾಕಿದ ಮಾತ್ರಕ್ಕೆ ತಯಾರಿಕೆ ಬಂದುಬಿಡುವುದಿಲ್ಲ ಎಂಬುದಕ್ಕೆ ನಮ್ಮ ಮೆಟ್ರೊವೇ ಸಾಕ್ಷಿ. 2019ರಲ್ಲಿ 216 ಬೋಗಿಗಳ ಗುತ್ತಿಗೆ ಚೀನಾದ ಕಂಪನಿಗೆ ಹೋಯಿತು, ಭಾರತದಲ್ಲಿ ಕಾರ್ಖಾನೆ ಹಾಕಬೇಕೆಂಬ ಷರತ್ತಿನೊಂದಿಗೆ. ಅದು ಕೂಡಿಬರಲಿಲ್ಲ, ಕೊನೆಗೆ ಕೋಲ್ಕತ್ತದ ಟಿಟಾಘರ್ ಜೊತೆ ಕೈಜೋಡಿಸಿ ಬೋಗಿಗಳು ಬರುವ ಹೊತ್ತಿಗೆ ವರ್ಷಗಳೇ ಉರುಳಿದವು. ಆ ಬೋಗಿಗಳಿಗಾಗಿ ಕಾದಿದ್ದ ಹಳದಿ ಮಾರ್ಗ ಜನರಿಗೆ ಸಿಕ್ಕಿದ್ದು 2025ರ ಆಗಸ್ಟಿನಲ್ಲಿ. ಇದಕ್ಕೂ ಮುಂಚೆ, ನಮ್ಮ ಮೆಟ್ರೊದ ಮೊದಲ ಬೋಗಿಗಳನ್ನು ಬೆಂಗಳೂರಿನ ಬಿಇಎಂಎಲ್ ಪೂರೈಸಿತ್ತು. ವರ್ಷಗಳಿಂದ ರೈಲು ಬೋಗಿ ಮಾಡುತ್ತಾ ಬಂದ ಕೈ ಅದು. ವ್ಯತ್ಯಾಸ ಇರುವುದು ಅಲ್ಲಿ.

ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋದರೆ ಕೆಂಗೇರಿಯ ಕೇಳುಗರು ನನ್ನನ್ನು ಒಪ್ಪಲಾರರು. ಸರಕು ಇಲ್ಲೇ ತಯಾರಾದರೆ ಅದರ ಕೊಳೆಯೂ ಇಲ್ಲೇ ಉಳಿಯುತ್ತದೆ. ವೃಷಭಾವತಿ ನದಿ ನಮ್ಮ ಪಶ್ಚಿಮ ಬೆಂಗಳೂರಿನ ಚರಂಡಿ ನೀರನ್ನೂ ಪ್ಲೇಟಿಂಗ್, ಬಣ್ಣದ ಘಟಕಗಳ ತ್ಯಾಜ್ಯವನ್ನೂ ಹೊತ್ತು ಮೈಸೂರು ರಸ್ತೆಯ ಮಗ್ಗುಲಲ್ಲಿ, ಕೆಂಗೇರಿಯ ಮೇಲೆ ಹರಿದು ಬೈರಮಂಗಲದ ಕೆರೆ ಸೇರುತ್ತದೆ. ಅಲ್ಲಿನ ರೈತರು ಆ ನೊರೆ ನೀರಿನಲ್ಲೇ ಬೇಸಾಯ ಮಾಡಬೇಕಾಗಿದೆ. ನಮ್ಮ ಸರಕಿನ ನಿಜವಾದ ಬೆಲೆಯ ಒಂದು ಪಾಲನ್ನು ಅವರು ಕಟ್ಟುತ್ತಿದ್ದಾರೆ. ಹಾಗೆಯೇ, ಪವರ್ ಪ್ರೆಸ್ಸಿನಲ್ಲಿ ಬೆರಳು ಕಳೆದುಕೊಂಡ ಕಾರ್ಮಿಕರೂ ಆ ಬೆಲೆಯ ಒಂದು ಪಾಲನ್ನು ಕಟ್ಟಿದ್ದಾರೆ. ಕೈ ಒಳಗಿದ್ದರೆ ಪ್ರೆಸ್ ಇಳಿಯದಂತೆ ತಡೆಯುವ ಸಾಧನ ದುಬಾರಿಯೇನಲ್ಲ. ಸಣ್ಣ ಪ್ಲೇಟಿಂಗ್ ಶೆಡ್ಡು ಒಂಟಿಯಾಗಿ ಶುದ್ಧೀಕರಣ ಘಟಕ ಕಟ್ಟಲಾರದು ನಿಜ. ಹಾಗಾಗಿಯೇ ಎಲ್ಲರೂ ಸೇರಿ ಬಳಸುವ ಘಟಕ ಬೇಕು, ಅದು ಹಗಲೂ ರಾತ್ರಿಯೂ ನಡೆಯಬೇಕು. ನೀರನ್ನು ಕೊಂದು ಗಳಿಸಿದ್ದನ್ನು ಗಳಿಕೆ ಎನ್ನಲಾಗದು.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಕಲಿಯುವ ಮಕ್ಕಳು. ಒಳ್ಳೆಯ ಟೂಲ್ ಮೇಕರ್ ಸಿಗುತ್ತಿಲ್ಲ ಎಂಬುದು ಇವತ್ತು ಶೆಡ್ಡಿನಿಂದ ಶೆಡ್ಡಿಗೆ ಕೇಳಿಬರುವ ಮಾತು. ಅಪ್ಪ ಲೇತಿನ ಮುಂದೆ ನಿಂತು ಮನೆ ಕಟ್ಟಿದ. ಮಗ ಕೈಗೆ ಎಣ್ಣೆ ಹತ್ತುವ ಕೆಲಸ ಬೇಡ ಎನ್ನುತ್ತಾನೆ, ಅಪ್ಪನೂ ಬೇಡ ಎನ್ನುತ್ತಾನೆ. ಸಂಬಳ ಕಡಿಮೆ, ಗೌರವ ಅದಕ್ಕಿಂತ ಕಡಿಮೆ ಎಂಬ ಕಾರಣಕ್ಕೆ. ಇದನ್ನು ಬದಲಿಸುವುದು ಮಾಲೀಕರ ಕೈಯಲ್ಲೂ ಇದೆ, ನಮ್ಮ ಕೈಯಲ್ಲೂ ಇದೆ. ಎಸ್‌ಎಸ್‌ಎಲ್‌ಸಿ ಮುಗಿಸಿದ ಮಗನೋ ಮಗಳೋ ಯಂತ್ರದ ಮುಂದೆ ಖುಷಿಯಾಗಿದ್ದರೆ, ಜಿಟಿಟಿಸಿಯ ಡಿಪ್ಲೊಮಾವನ್ನು ಬೇರೆ ಗತಿಯಿಲ್ಲದವರ ಓದು ಎಂದು ಎಣಿಸಬೇಡಿ. ಉಕ್ಕಿನಲ್ಲಿ ಕೂದಲೆಳೆಯ ಅಳತೆ ಹಿಡಿಯುವುದು ಗಣಿತ, ವಿಜ್ಞಾನ, ತಾಳ್ಮೆ ಮೂರೂ ಬೇಡುವ ವಿದ್ಯೆ. ಗರಳಪುರಿ ಶಾಸ್ತ್ರಿಗಳನ್ನು ಕಲಿಯಲು ಇಂಗ್ಲೆಂಡಿಗೆ ಕಳಿಸಬೇಕಾಯಿತು. ನಿಮ್ಮ ಮಕ್ಕಳಿಗೆ ಕಲಿಸುವ ಕೇಂದ್ರ ರಾಜಾಜಿನಗರದಲ್ಲೇ ಇದೆ.

ಇನ್ನು ಕೊಳ್ಳುವವರಾಗಿ ನಮ್ಮ ಪಾಲು. ಕುಕ್ಕರಿನ ಹಿಡಿ ಮುರಿದರೆ, ಫ್ಯಾನಿನ ಬುಶ್ ಸವೆದರೆ ಎಸೆದು ಹೊಸದನ್ನು ತರುವ ಮುಂಚೆ ಒಮ್ಮೆ ರಿಪೇರಿಗೆ ಕೊಡಿ. ಸ್ವದೇಶಿ ಸರಕು ಕೆಟ್ಟದ್ದಿದ್ದರೆ ಅಭಿಮಾನಕ್ಕೆಂದು ಸಹಿಸಬೇಡಿ; ತಯಾರಿಸಿದವರಿಗೆ ತಿಳಿಸಿ, ಸರಿಪಡಿಸಿಕೊಡಿ ಎಂದು ಕೇಳಿ. ಒಳ್ಳೆಯದಿದ್ದರೆ ನಾಲ್ಕು ಜನಕ್ಕೆ ಹೇಳಿ. ಕಟ್ಟುನಿಟ್ಟಾದ ಗಿರಾಕಿ ಇರುವಲ್ಲಿ ತಯಾರಕನೂ ಬೆಳೆಯುತ್ತಾನೆ.

2014ರಲ್ಲಿ ಮೇಕ್ ಇನ್ ಇಂಡಿಯಾ ಆರಂಭಿಸಿದಾಗ ದೇಶದ ಉತ್ಪನ್ನದಲ್ಲಿ ತಯಾರಿಕೆಯ ಪಾಲನ್ನು ನಾಲ್ಕನೆಯ ಒಂದಕ್ಕೆ ಏರಿಸುವ ಗುರಿ ಇತ್ತು. ಅದು ಇನ್ನೂ ಆ ಗುರಿಯಿಂದ ದೂರದಲ್ಲೇ ಇದೆ. ಆ ಅಂತರವನ್ನು ತುಂಬಲು ದೊಡ್ಡ ಕಾರ್ಖಾನೆಗಳು ಬೇಕು, ಬರಲಿ. ಅವು ಬಂದಾಗ ನಾವು ಕೇಳಬೇಕಾದ ಪ್ರಶ್ನೆ ಎಷ್ಟು ಕೋಟಿ ಬಂಡವಾಳ ಎಂಬುದಷ್ಟೇ ಅಲ್ಲ. ಇದರ ಅಚ್ಚು ಮಾಡಿದವರು ಯಾರು? ಮುಂದಿನ ಅಚ್ಚನ್ನು ನಮ್ಮವರು ಮಾಡಬಲ್ಲರೇ? ಅವರಿಗೆ ಹೊತ್ತಿಗೆ ಸರಿಯಾಗಿ ಹಣ ಸಿಗುತ್ತದೆಯೇ? ಅವರ ಬೆರಳಿಗೂ ನಮ್ಮ ನದಿಗೂ ರಕ್ಷಣೆ ಇದೆಯೇ? ಈ ನಾಲ್ಕಕ್ಕೂ ಹೌದು ಎಂಬ ಉತ್ತರ ಬಂದ ದಿನ, ಈ ಸರಕು ನಮ್ಮದು ಎಂದು ನಾವು ಎದೆ ತಟ್ಟಿ ಹೇಳಬಹುದು. ಆ ಉತ್ತರವನ್ನು ಸರ್ಕಾರದಿಂದ, ಕಂಪನಿಗಳಿಂದ, ನಮ್ಮಿಂದಲೂ ಬಿಡದೆ ಕೇಳೋಣ.